ಮೈಬೂಬ ಬಿಟ್ಟ ಪೆಟ್ಟು

ಹೌದು, ಅಲ್ಲ ಎನ್ನಲು ಮೈಬೂಬನಿಗೆ ಬಾಯಿ ಬೇಕಿರಲಿಲ್ಲ. ಡ್ರಮ್ಮಿನ ಮುಂದೆ ಕೂತಾಗ ಏನು ಕೇಳಿದರೂ ಬಲಗಾಲಿನಿಂದ ಪೆಡಲ್ ಒತ್ತಿ ದೊಡ್ಡ ಡ್ರಮ್ಮಿನಿಂದಲೇ ಉತ್ತರ ಕೊಡಿಸುತ್ತಿದ್ದ. ಒಂದು ಪೆಟ್ಟು ಎಂದರೆ ಹೂಂ. ಎರಡು ಎಂದರೆ ಒಲ್ಲೆ. ಚಹಾ ತರಿಸಲೇನು ಎಂದರೆ ಧಮ್. ಇವತ್ತಿಗೆ ಸಾಕು ಮಾಡೋಣವೇ ಎಂದರೆ ಧಮ್ ಧಮ್. "ಬಾಯಾಗ ಕಡಬ ಇಟ್ಕೊಂಡಿಯೇನಲೇ?" ಎಂದು ನಮ್ಮ ಹಾಡುಗಾರ ಪ್ರಕಾಶ ಬೈದರೆ ಅದಕ್ಕೂ ಎರಡು ಪೆಟ್ಟು.

ಸಿಂದಗಿಯ ಮುಚ್ಚಿಹೋದ ಎಣ್ಣೆ ಮಿಲ್ಲಿನ ಶೆಡ್ಡಿನಲ್ಲಿ ನಾವು ಮೂವರು ರಾಕ್ ಬ್ಯಾಂಡ್ ಕಟ್ಟಿದ್ದೆವು. ಪ್ರಕಾಶನದು ಹಾಡು, ಗಿಟಾರು. ನಾನು ಬೇಸ್ ಗಿಟಾರು. ಕಾಲೇಜುಗಳ ಗ್ಯಾದರಿಂಗು, ಗಣಪತಿ ಪೆಂಡಾಲು, ಕರೆದಲ್ಲಿಗೆ ಹೋಗುತ್ತಿದ್ದೆವು. ನಮ್ಮ ಹಾಡುಗಳನ್ನು ನಾವೇ ಕಟ್ಟುತ್ತಿದ್ದೆವಾದ್ದರಿಂದ ಕೇಳುವವರಿಗೆ ತಲೆಬುಡ ತಿಳಿಯುತ್ತಿರಲಿಲ್ಲ. ಬಸವನ ಬಾಗೇವಾಡಿಯಲ್ಲಿ ಹಿರಿಯರೊಬ್ಬರು ವೇದಿಕೆಯ ಬಳಿಗೇ ಬಂದು, "ಇದು ಯಾವ ಪಿಚ್ಚರಿಂದೋ ತಮ್ಮಾ?" ಎಂದು ಕೇಳಿದ್ದರು. "ಇನ್ನಾ ರಿಲೀಸ್ ಆಗಿಲ್ರಿ ಕಾಕಾ," ಎಂದ ಮೈಬೂಬ, ಮುಖದಲ್ಲಿ ಒಂದು ಗೆರೆಯೂ ಅಲುಗದಂತೆ.

ಅವನದು ಇನ್ನೊಂದು ಚಾಳಿ. ಪ್ರತಿ ಹಾಡಿನ ನಡುವೆ ಒಂದೇ ಒಂದು ಪೆಟ್ಟನ್ನು ಬಾರಿಸದೆ ಬಿಡುತ್ತಿದ್ದ. ಕಾಲನ್ನು ಪೆಡಲಿನಿಂದ ತೆಗೆದು ಪಕ್ಕಕ್ಕಿಡುತ್ತಿದ್ದ, ಯಾರಿಗೋ ಜಾಗ ಬಿಟ್ಟುಕೊಟ್ಟವನ ಹಾಗೆ. ಅಷ್ಟು ಹೊತ್ತು ನಾವೂ ಸುಮ್ಮನಿರಬೇಕು. ತಾಳ ತಪ್ಪಿತೆಂದು ಜನ ನಗುತ್ತಿದ್ದರು. ಯಾಕೆಂದು ನಾನು ಕೇಳಿದಾಗ ಮಾತ್ರ ಬಾಯಿ ಬಿಟ್ಟ. "ಅದು ನಮ್ಮದಲ್ಲೋ ಸಿದ್ಯಾ. ಹ್ವಾದಾವ್ರ ಪಾಲು." ಅವನ ಮುತ್ಯಾ, ಅಂದರೆ ಅಜ್ಜ, ಮೊಹರಮ್ಮಿನಲ್ಲಿ ಹಲಗೆ ಬಾರಿಸುತ್ತಿದ್ದವರು. ಊರಲ್ಲಿ ಸತ್ತವರಿಗೆಂದು ತಾಳದ ಸುತ್ತಿಗೊಂದು ಪೆಟ್ಟು ಬಿಡುವುದು ಅವರ ಪದ್ಧತಿ. ಮೈಬೂಬ ತೊಟ್ಟಿಲಲ್ಲಿದ್ದಾಗಲೇ ಆ ಊರು ಆಲಮಟ್ಟಿಯ ಹಿನ್ನೀರಿನಲ್ಲಿ ಮುಳುಗಿತು, ಮುತ್ಯಾನ ಗೋರಿಯೂ ಮುಳುಗಿತು. ಪದ್ಧತಿ ಮಾತ್ರ ಅಪ್ಪನಿಂದ ಇವನ ಕೈಗೆ ಬಂದಿತ್ತು.

ನನ್ನ ಮೈಬೂಬನ ನಡುವಿನದು ಶುರುವಾದದ್ದು ಇಂಡಿ ಊರಿನಲ್ಲಿ ಕಾರ್ಯಕ್ರಮ ಮುಗಿಸಿ ಬರುವಾಗ. ಪ್ರಕಾಶ ಡ್ರೈವರನ ಪಕ್ಕ ಕೂತಿದ್ದ. ನಾವಿಬ್ಬರು ಟೆಂಪೋದ ಹಿಂದೆ, ಡ್ರಮ್ಮುಗಳು ಉರುಳದಂತೆ ಒತ್ತಿ ಹಿಡಿದುಕೊಂಡು ಕೂತಿದ್ದೆವು. ಸಂಜೆಯ ಬಿಸಿಲು ಇನ್ನೂ ಇತ್ತು. ಡ್ರಮ್ಮುಗಳಿಗೆ ಹೊದಿಸಿದ ಕಂಬಳಿಯ ಅಡಿಯಲ್ಲಿ ಅವನ ಬೆರಳುಗಳು ನನ್ನ ನಾಡಿಯ ಮೇಲೆ ಬಂದು ಕೂತವು. "ನಿಂದು ತಾಳ ಓಡಾಕತ್ತೈತಲೇ," ಎಂದ. ಬಹಳ ಹೊತ್ತಿನ ಮೇಲೆ, "ಕೈ ಬಿಡ್ತಿಯೇನು?" ಎಂದು ನಾನೇ ಕೇಳಿದೆ. ಅವನು ಟೆಂಪೋದ ತಗಡಿನ ಮೇಲೆ ಕಾಲಿನಿಂದ ಎರಡು ಸಲ ಕುಟ್ಟಿದ. ಅಷ್ಟು ಸುಖ ನಾನು ಅದಕ್ಕೂ ಮೊದಲು ಪಟ್ಟಿರಲಿಲ್ಲ.

ಮುಂದಿನ ಬೇಸಿಗೆ ಹಿನ್ನೀರು ಇಳಿದಾಗ ಅವನು ನನ್ನನ್ನು ಆ ಊರಿಗೆ ಕರೆದುಕೊಂಡು ಹೋದ. ಬಿರಿದ ಕೆಸರಿನ ನಡುವೆ ಗೋಡೆಯ ಬುಡಗಳು, ಒಂದು ಹೊಸ್ತಿಲು, ಕಲ್ಲುಗಳೆದ್ದ ಮುತ್ಯಾನ ಗೋರಿ. ಅವನು ಗೋರಿಯ ಮುಂದೆ ಸಕ್ಕರೆಯಿಟ್ಟು ಪ್ರಾರ್ಥಿಸಿ, ಅಂದರೆ ಸಕ್ಕರೆ ಓದಿಸಿ, ಮುತ್ಯಾನ ಹಲಗೆ ತೆಗೆದು ಬಾರಿಸತೊಡಗಿದ. ಸುಡು ಮಧ್ಯಾಹ್ನ, ಹಕ್ಕಿಯ ಸದ್ದೂ ಇರಲಿಲ್ಲ. ಅವನು ಒಂದು ಪೆಟ್ಟು ಬಾರಿಸದೆ ಬಿಟ್ಟ. ಆ ಪೆಟ್ಟು ನೀರಿನ ಕಡೆಯಿಂದ ಬಂತು.

ನಾನು ದೆವ್ವ ಭೂತ ನಂಬುವವನಲ್ಲ. ಪ್ರತಿಧ್ವನಿ ಇರಬೇಕು ಎಂದೆ. ಆದರೆ ಸದ್ದು ತಗುಲಿ ಮರಳಲು ಅಲ್ಲಿ ಗುಡ್ಡವಿಲ್ಲ, ಗೋಡೆಯಿಲ್ಲ. ಕಣ್ಣು ಹಾಯುವವರೆಗೆ ಬರೀ ಬಯಲು, ನೀರು. "ಅಂಜಬ್ಯಾಡ," ಎಂದ ಮೈಬೂಬ, "ಅವ್ರು ನಮಗೇನೂ ಮಾಡಾಂಗಿಲ್ಲ. ಜಾಗಾ ಬಿಟ್ರ ಬರ್ತಾರ, ಅಷ್ಟ." ಹೇಳುವಾಗ ಅವನ ಮುಖ ಅರಳಿತ್ತು.

ನಮ್ಮಿಬ್ಬರದು ಒಂದು ವರ್ಷ ಹೀಗೇ ಕದ್ದುಮುಚ್ಚಿ ನಡೆಯಿತು. ನನಗೆ ಬಚ್ಚಿಡುವುದು ಸಾಕಾಗಿತ್ತು. ಮತ್ತೆ ಬೇಸಿಗೆ ಬಂದಾಗ, ಶೆಡ್ಡಿನಲ್ಲಿ ಪ್ರಕಾಶ ಇಲ್ಲದ ಹೊತ್ತು ನೋಡಿ ಕೇಳಿಯೇಬಿಟ್ಟೆ. "ಬಿಜಾಪುರದಾಗ ಒಂದ ಖೋಲಿ ಹಿಡಿಯೂಣು. ಕೂಡಿ ಇರೂಣು. ಜನ ಏನರ ಅನ್ಲಿ. ಬರ್ತಿಯೇನು?"

ಅವನ ಕಾಲು ಪೆಡಲಿನ ಮೇಲೇ ಇತ್ತು. ಒತ್ತಲಿಲ್ಲ. ಮೆಲ್ಲಗೆ ತೆಗೆದು ಪಕ್ಕಕ್ಕಿಟ್ಟ. "ನಾಳೆ ಮುತ್ಯಾಗ ಸಕ್ಕರಿ ಓದ್ಸಾಕ ಹೊಂಟೇನಿ. ಅವ್ರಿಗೂ ಒಂದ ಮಾತ ಹೇಳ್ತೇನಿ. ಬಂದ ಮ್ಯಾಲ ನಿನಗ ಹೇಳ್ತೇನಿ, ಸಿದ್ಯಾ."

ಅವನು ಬರಲಿಲ್ಲ. ಆ ಕೆಸರು ಮೇಲೆ ಒಣಗಿದಂತೆ ಕಾಣುತ್ತದೆ, ಒಳಗೆ ಹಸಿಯಾಗಿಯೇ ಇರುತ್ತದೆ. ಮೀನುಗಾರರಿಗೆ ಮೊದಲು ಸಿಕ್ಕದ್ದು ತೇಲುತ್ತಿದ್ದ ಮುತ್ಯಾನ ಹಲಗೆ, ಆಮೇಲೆ ಅವನು. ಮಣ್ಣಿಗೆ ಹೋದಾಗ ನಾನು ಗೆಳೆಯರ ಸಾಲಿನಲ್ಲಿ ನಿಂತೆ. ಬೇರೆ ಸಾಲು ನನಗಿರಲಿಲ್ಲ.

ಮಳೆಗಾಲ ಮುಗಿದ ಮೇಲೆ ಅವನ ಅವ್ವ ನನಗೆ ಹೇಳಿ ಕಳಿಸಿದಳು. ಅವನ ಪೆಡಲನ್ನು ಹಳೆಯ ಸೀರೆಯಲ್ಲಿ ಸುತ್ತಿಟ್ಟಿದ್ದಳು. "ಇದು ನಿನ್ನ ಹತ್ರ ಇರ್ಲಿ ತಮ್ಮಾ. ನಿನ್ನ ಹೆಸರ ತೆಗದ್ರ ಅವನ ಕಾಲ ತಾಳ ಹಾಕ್ತಿತ್ತು, ನನಗ ತಿಳಿತಿದ್ದಿಲ್ಲೇನು?" ಎಂದಳು. ಅವಳು ದನಿ ತಗ್ಗಿಸಿ, "ಮನ್ಯಾಗ ಇದ್ರ ದೀಪ ಹಚ್ಚೂ ಹೊತ್ತಿಗೆ ಸದ್ದ ಮಾಡತೈತಿ," ಎಂದಳು. ಎಷ್ಟು ಪೆಟ್ಟು ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಮುದ್ದೇಬಿಹಾಳದ ಗ್ಯಾದರಿಂಗಿಗೆ ಮೋರಟಗಿಯ ವಿಠ್ಠಲ ಎಂಬ ಡ್ರಮ್ಮರನನ್ನು ಕರೆದುಕೊಂಡು ಹೋದೆವು. ಮೈಬೂಬನ ಪೆಡಲನ್ನೇ ಜೋಡಿಸಿದೆ. ಯಾವ ಪೆಟ್ಟು ಬಿಡಬೇಕೆಂದು ವಿಠ್ಠಲನಿಗೆ ಮತ್ತೆ ಮತ್ತೆ ಹೇಳಿದ್ದೆ. ಇಳಿಬಿಸಿಲಿನಲ್ಲಿ ಹಾಡು ಶುರುವಾಗಿ ಆ ಜಾಗ ಬಂತು. ವಿಠ್ಠಲ ಕಾಲು ತೆಗೆದು ಪಕ್ಕಕ್ಕಿಟ್ಟ. ನಾನು ತಂತಿಗಳ ಮೇಲೆ ಅಂಗೈ ಒತ್ತಿದೆ.

ಧಮ್.

"ನಾ ಬಾರ್ಸಿಲ್ರಿ ಅಣ್ಣಾರ," ಎಂದ ವಿಠ್ಠಲ. ಅವನ ಎರಡೂ ಕಾಲು ವೇದಿಕೆಯ ನೆಲದ ಮೇಲಿದ್ದವು. ಪೆಡಲಿನ ಕೋಲು ಡ್ರಮ್ಮಿನ ಚರ್ಮಕ್ಕೆ ಒತ್ತಿಕೊಂಡೇ ನಿಂತಿತ್ತು. ಪ್ರಕಾಶ ಹಾಡು ಎತ್ತಿಕೊಳ್ಳಲಿಲ್ಲ. ತಾಳ ತಪ್ಪಿತೆಂದು ಕೆಳಗೆ ಯಾರೋ ನಕ್ಕರು. ನನಗೆ ಅಂಜಿಕೆಯಾದದ್ದು ಬಾರಿಸಿದವನದಲ್ಲ, ಇನ್ನೊಂದು ಪೆಟ್ಟಿನದು. ಎರಡಾದರೆ, ಶೆಡ್ಡಿನಲ್ಲಿ ನಾನು ಕೇಳಿದ್ದಕ್ಕೆ ಒಲ್ಲೆ ಎಂದಂತೆ. ತಂತಿಗಳಿಂದ ಅಂಗೈ ಎತ್ತದೆ ಕಾದೆ. ಕೋಲು ತಾನಾಗಿ ಹಿಂದಕ್ಕೆ ಬಂದು ನಿಂತಿತು.

ಎರಡನೆಯದು ಬರಲಿಲ್ಲ.