ಕ್ಯಾಂಟೀನಿನಲ್ಲಿ ಜಪಾನಿಗೆ ನನ್ನ ಸಲಹೆ

ನಾನು ಇಂಗ್ಲೆಂಡಿನ ಕೊವೆಂಟ್ರಿಯ ಕಾರು ಬಿಡಿಭಾಗಗಳ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್ ಆಗಿದ್ದಾಗ, ನಮ್ಮ ಕ್ವಾಲಿಟಿ ಮ್ಯಾನೇಜರ್ ಜಪಾನಿನವರು. ಯಾರು ಏನೇ ದೂರು ತಂದರೂ ಪೆನ್ನನ್ನು ಜೇಬಿಗೆ ಸಿಕ್ಕಿಸಿ, "ಹೋಗಿ ನೋಡೋಣ" ಎಂದು ಎದ್ದುಬಿಡುತ್ತಿದ್ದರು. ನಾನಾದರೋ ಕೂತಲ್ಲೇ ಎಲ್ಲವನ್ನೂ ಬಲ್ಲವನು.

ಉತ್ತರ ಕೊರಿಯಾ ಕ್ಷಿಪಣಿ ಹಾರಿಸಿದ ಸುದ್ದಿ ಬಂದ ವಾರ, ಕ್ಯಾಂಟೀನಿನಲ್ಲಿ ಅವರಿಗೇ ಜಪಾನಿನ ಭವಿಷ್ಯ ತಿಳಿಸಿಕೊಡಲು ಕುಳಿತೆ. ಬೆಳಗ್ಗೆ ಬಸ್ಸಿನಲ್ಲಿ ಓದಿದ ಒಂದೇ ಒಂದು ಲೇಖನ ನನ್ನ ಬಂಡವಾಳ.

"ಅಷ್ಟು ದುಡ್ಡಿರೋ ದೇಶ ನಿಮ್ಮದು. ಅಮೆರಿಕಾನ ಯಾಕೆ ನಂಬ್ಕೊಂಡು ಕೂತಿದ್ದೀರಿ? ದೊಡ್ಡ ಸೈನ್ಯ ಕಟ್ಟಿ ಸಾರ್. ದಕ್ಷಿಣ ಕೊರಿಯಾದವರು ಖುಷಿಯಾಗಿ ಜೊತೆಗೆ ಬರ್ತಾರೆ," ಎಂದೆ.

ಅವರು ಪೆನ್ನನ್ನು ಜೇಬಿಗೆ ಸಿಕ್ಕಿಸಿದರು. "ಹೋಗಿ ನೋಡೋಣ."

ಕಿಟಕಿಯ ಬಳಿ, ನಮಗೆ ಬೇರಿಂಗ್ ಪೂರೈಸಲಿದ್ದ ಕಂಪನಿಯ ದಕ್ಷಿಣ ಕೊರಿಯಾದ ಎಂಜಿನಿಯರ್ ಊಟಕ್ಕೆ ಕುಳಿತಿದ್ದರು. ಮರುದಿನವೇ ಆಕೆಯೊಂದಿಗೆ ಒಪ್ಪಂದದ ಮಾತುಕತೆ. ನಾನೂ ಹಿಂದೆಯೇ ಹೋದೆ. ಮ್ಯಾನೇಜರ್ ನನ್ನ ಮಾತನ್ನು ಒಂದಕ್ಷರ ಬಿಡದೆ ಒಪ್ಪಿಸಿ, "ನಿಮಗೇನನ್ಸುತ್ತೆ?" ಎಂದು ಕೇಳಿದರು.

ಆಕೆ ಫೋರ್ಕ್ ಕೆಳಗಿಟ್ಟರು. "ನಿಮ್ಮವರು ನಮ್ಮನ್ನ ಆಳ್ತಿದ್ದಾಗ ಸ್ಕೂಲಲ್ಲಿ ನಮ್ಮಜ್ಜಿಗೆ ಜಪಾನಿ ಹೆಸರಿಟ್ಟಿದ್ರು. ಅಜ್ಜಿ ಸಾಯೋವರೆಗೂ ಆ ಹೆಸರನ್ನ ಯಾರಿಗೂ ಹೇಳ್ಲಿಲ್ಲ."

ಮ್ಯಾನೇಜರ್ ತಲೆ ತಗ್ಗಿಸಿದರು. "ನಮ್ಮ ತಾತ ಆಗ ಕೊರಿಯಾದಲ್ಲೇ ಸ್ಕೂಲ್ ಮೇಷ್ಟ್ರಾಗಿದ್ರು," ಎಂದರು.

ಆಕೆ ಪಕ್ಕದ ಕುರ್ಚಿಯ ಮೇಲಿದ್ದ ತಮ್ಮ ಚೀಲವನ್ನು ಎತ್ತಿಕೊಂಡು ಮ್ಯಾನೇಜರಿಗೆ ಜಾಗ ಮಾಡಿಕೊಟ್ಟರು. ಇಬ್ಬರೂ ಮೆಲ್ಲಗೆ ಮಾತಾಡತೊಡಗಿದರು. ಏಷ್ಯಾದ ಸಮಸ್ಯೆಯನ್ನು ಬಗೆಹರಿಸಲು ಹೊರಟಿದ್ದ ನಾನು, ಅವರಿಗೆ ಟೀ ತರಲು ಹೋಗಿ ಕ್ಯೂನಲ್ಲಿ ನಿಂತೆ.