ಗೀಟಿಲ್ಲದ ಆರು

ಪ್ರಯೋಗಾಲಯದಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಎಲ್ಲರಿಗೂ ಅವಳು ಗರಗಸದಕ್ಕ. ಆಕಾಶದಿಂದ ಬಿದ್ದ ಕಲ್ಲುಗಳನ್ನು ಕೊಯ್ದು, ಚೂರನ್ನು ಅಂಟಿನ ದುಂಡು ಬಿಲ್ಲೆಯಲ್ಲಿ ಕೂರಿಸಿ, ನುಣ್ಣಗೆ ಉಜ್ಜಿ ಕೊಡುವುದು ಇಪ್ಪತ್ತೆರಡು ವರ್ಷಗಳಿಂದ ಅವಳ ಕೆಲಸ. ಹೊಸಬರು ಬಂದರೆ ಮೊದಲ ದಿನವೇ ಕಿವಿ ಹಿಂಡುತ್ತಿದ್ದಳು.

“ದುಂಡು ಬಿಲ್ಲೆಗೆ ತಲೆ ಯಾವ್ದು, ಕಾಲು ಯಾವ್ದು? 6 ಬರೆದ್ರೂ 9 ಬರೆದ್ರೂ ಕೆಳಗೊಂದು ಗೀಟು ಎಳೀಬೇಕು. ಮರೆತ್ರೆ ನನ್ನ ಕಣ್ಣಿಗೆ ಬೀಳ್ಬೇಡಿ.”

ಆ ಮಧ್ಯಾಹ್ನ ವಿಜ್ಞಾನಿ ಮೇಡಂ ಫಲಿತಾಂಶ ಓದಿದರು. ಹತ್ತು ದಿನದ ಹಿಂದೆ ಗ್ಯಾರೇಜೊಂದರ ಶೀಟು ತೂತು ಮಾಡಿ ಬಿದ್ದ ಕಲ್ಲಿನದು. ಅದರ ಹಸಿರು ಖನಿಜವೇ ಕಬ್ಬಿಣವನ್ನೆಲ್ಲ ನುಂಗಿಕೊಂಡಿತ್ತು. ಅಂದರೆ, ಬಿಡಿ ಲೋಹ ತೀರಾ ಕಡಿಮೆಯಿರುವ ಗುಂಪು. ನಾಲ್ಕು ಗಂಟೆಗೆ ವರದಿ ಹೋಗಬೇಕು.

ಗರಗಸದಕ್ಕನ ಕೈ ನಿಂತಿತು. ಆ ಕಲ್ಲು ಕೊಯ್ದಾಗ ಲೋಹದ ಚುಕ್ಕೆಗಳು ಫಳಫಳ ಹೊಳೆದಿದ್ದವಲ್ಲ? ಉಳಿದ ಚೂರಿನ ಬಳಿ ದಾರಕ್ಕೆ ಕಟ್ಟಿದ ಆಯಸ್ಕಾಂತ ಹಿಡಿದಳು. ಟಕ್ಕೆಂದು ಅಂಟಿಕೊಂಡಿತು. ಬಿಡಿ ಲೋಹ ಕಡಿಮೆಯಿದ್ದರೆ ಇಷ್ಟು ಬಿಗಿಯಾಗಿ ಅಂಟುತ್ತಿರಲಿಲ್ಲ.

ಕಪಾಟಿನಿಂದ ಎರಡು ಬಿಲ್ಲೆ ತೆಗೆದು ಬೆನ್ನು ನೋಡಿದಳು. ಹೊಸ ಕಲ್ಲು 6, ಹೋಲಿಕೆಗೆಂದು ಮಾಡಿದ ಹಳೆಯ ಕಲ್ಲು 9. ಎರಡಕ್ಕೂ ಗೀಟಿಲ್ಲ; ತಿರುಗಿಸಿ ಹಿಡಿದರೆ 9 ಕೂಡ 6. ಅಕ್ಷರ ತನ್ನದೇ. ಮಗಳಿಗೆ ಹೆರಿಗೆ ನೋವು ಶುರುವಾಯಿತೆಂದು ಅಳಿಯ ಫೋನ್ ಮಾಡಿದ್ದು ಆ ನಂಬರು ಬರೆಯುವಾಗಲೇ. ಎಲ್ಲ ಹಾಗೇ ಬಿಟ್ಟು ಓಡಿದ್ದಳು.

ಗಂಟೆ ಮೂರೂಕಾಲು. ಈಗಲೇ ಎರಡು ಗೀಟು ಎಳೆದರೆ ಮುಗಿಯಿತು, ಬಿಲ್ಲೆ ಅದಲುಬದಲು ಮಾಡಿದ ತಪ್ಪು ಮೇಡಂ ತಲೆ ಮೇಲೆ ಬೀಳುತ್ತದೆ. ಅವಳ ನಂಬರನ್ನು ಇಷ್ಟು ವರ್ಷ ಯಾರೂ ಮರುಪರೀಕ್ಷೆ ಮಾಡಿರಲಿಲ್ಲ; ಅವಳಿಗಿದ್ದ ಹೆಮ್ಮೆ ಅದೊಂದೇ. ಸುಳ್ಳೇಕೆ ಹೇಳಲಿ, ಪೆನ್ನಿನ ಮುಚ್ಚಳ ತೆಗೆದೂ ಬಿಟ್ಟಳು. ಬಿಲ್ಲೆಯ ಬೆನ್ನಿನ ಮೇಲಿನ ತನ್ನದೇ ಅಕ್ಷರ ನೋಡಿದಳು. ಮತ್ತೆ ಮುಚ್ಚಿ, ಮೇಡಂ ಕೋಣೆಗೆ ನಡೆದಳು.

“ಮೇಡಂ, ವರದಿ ಕಳಿಸ್ಬೇಡಿ. ನೀವು ನೋಡಿದ್ದು ಹಳೇ ಕಲ್ಲು. ಗೀಟು ಹಾಕದೇ ಇದ್ದೋಳು ನಾನು.”

ಮೇಡಂ ಮುಖ ಕೆಂಪಾಯಿತು. ಬಯ್ಯಲೂ ಪುರುಸೊತ್ತಿಲ್ಲ. ಇನ್ನೊಂದು ಬಿಲ್ಲೆ ಯಂತ್ರದೊಳಗೆ ಹೋಯಿತು. ಇಬ್ಬರೂ ಪರದೆ ನೋಡುತ್ತ ಕೂತರು. ನಾಲ್ಕಕ್ಕೆ ಎಂಟು ನಿಮಿಷ ಇರುವಾಗ ಅಂಕಿ ಮೂಡಿತು: ಹಸಿರು ಖನಿಜದಲ್ಲಿ ಕಬ್ಬಿಣ ಕಡಿಮೆ, ಬಿಡಿ ಲೋಹ ಧಾರಾಳವಾಗಿರುವ ಗುಂಪು. ಆಯಸ್ಕಾಂತ ಹೇಳಿದ್ದೇ ನಿಜ.

ವರದಿ ಹೋದ ಮೇಲೆ ಮೇಡಂ ಮೆಲ್ಲಗೆ ಹೇಳಿದರು: “ಅಕ್ಕಾ, ಬೇಜಾರು ಮಾಡ್ಕೋಬೇಡಿ. ಇನ್ಮೇಲೆ ನಿಮ್ಮ ನಂಬರನ್ನ ಇನ್ನೊಬ್ರು ನೋಡಿ ಸಹಿ ಹಾಕ್ಲಿ.”

ಗರಗಸದಕ್ಕ ಮತ್ತೆ ಪೆನ್ನಿನ ಮುಚ್ಚಳ ತೆಗೆದಳು. ಎರಡೂ ಬಿಲ್ಲೆಗಳಿಗೆ ಗೀಟು ಎಳೆದಳು. ಆಮೇಲೆ ಪೆನ್ನನ್ನು ತಾನೇ ಮೇಡಂ ಕಡೆಗೆ ಚಾಚಿದಳು.

“ಮೊದಲ್ನೇ ಸಹಿ ನೀವೇ ಹಾಕಿ.”