ಐದು ಮಂದಿಯ ಒಂದು ಮುಖ

ಮೊನ್ನೆ ನಮ್ಮ ಅಡುಗೆಮನೆಯಲ್ಲಿ ವಿನೆಗರ್ ಸೀಸೆ ಕೈಜಾರಿ ಒಡೆಯಿತು. ಮೊಮ್ಮಗಳು ಮೂಗು ಮುಚ್ಚಿಕೊಂಡು ಕಿಟಕಿ ತೆಗೆಯಲು ಓಡಿದಳು. ನಾನು ಗಾಜಿನ ಚೂರುಗಳ ನಡುವೆ ಹಾಗೇ ನಿಂತುಬಿಟ್ಟೆ. ಆ ಹುಳಿ ವಾಸನೆಗೆ ಒಂದಿಷ್ಟು ಸೌದೆಯ ಹೊಗೆ, ಒಂದಿಷ್ಟು ಸೀಗೆಕಾಯಿ ಬೆರೆತರೆ ಧಾರವಾಡದ ನಮ್ಮ ಮನೆಯ ಬಚ್ಚಲು ಕಣ್ಣೆದುರು ಬರುತ್ತದೆ. ಅಪ್ಪನ ತಮ್ಮ, ನಮ್ಮ ಕಾಕಾ, ಊರಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದ. ರವಿವಾರ ಬಂತೆಂದರೆ ಬಚ್ಚಲಿನ ಬೆಳಕಿಂಡಿಗೆ ಕಂಬಳಿ ಹೊದಿಸಿ, ಕಂದೀಲಿಗೆ ಕೆಂಪು ಬಟ್ಟೆ ಸುತ್ತಿ, ಒಳಗೆ ಕೂತು ಇಂಥದೇ ಹುಳಿ ವಾಸನೆಯ ದ್ರಾವಣದಲ್ಲಿ ಫೋಟೋ ತೊಳೆಯುತ್ತಿದ್ದ. ಅವತ್ತು ಮನೆಮಂದಿಗೆಲ್ಲ ಸ್ನಾನ ಮಧ್ಯಾಹ್ನಕ್ಕೆ. ಅಜ್ಜನ ಪೂಜೆಗೆ ಮಡಿ ಕೆಟ್ಟಿತೆಂದು ಅಜ್ಜಿ ಹೊರಗಿನಿಂದ ಬಾಗಿಲು ಬಡಿಯುವಳು, ಒಳಗಿನಿಂದ ಕಾಕಾ "ಬಾಗಿಲಾ ತಗೀಬ್ಯಾಡ್ರೋ, ಎಲ್ಲಾ ಹಾಳಾಗ್ತದ!" ಎಂದು ಅರಚುವನು. ನಿಮ್ಮ ಬಾಲ್ಯಕ್ಕೂ ಇಂಥದೊಂದು ವಾಸನೆ ಇದ್ದೀತು. ಅದು ಬಂದಾಗ ಮನೆ ಪೂರ್ತಿ ಎದ್ದು ನಿಲ್ಲುತ್ತದೆ, ಕೈ ಚಾಚಿದರೆ ಏನೂ ಇರುವುದಿಲ್ಲ.

ನನ್ನ ಅಕ್ಕ ಯಮುನಾಗೆ ಚಿಕ್ಕಂದಿನಲ್ಲಿ ಸಿಡುಬು ಬಂದು ಹೋಗಿತ್ತು. ಎರಡೂ ಕೆನ್ನೆಯ ಮೇಲೆ ಕಲೆಗಳು. ರಾತ್ರಿ ನಾನು ಅವಳ ಕೆನ್ನೆಯ ಮೇಲೆ ಕೈಯಿಟ್ಟೇ ಮಲಗುವುದು. ಮೂಗಿನ ಪಕ್ಕದ ಒಂದು ಕುಳಿಯಲ್ಲಿ ನನ್ನ ಕಿರುಬೆರಳ ತುದಿ ಸರಿಯಾಗಿ ಕೂಡುತ್ತಿತ್ತು. ನನಗೆ ಅವು ಅಕ್ಕನ ಕೆನ್ನೆ ಅಷ್ಟೇ. ಊರಿಗೆ ಮಾತ್ರ ಅವು ಕಲೆಗಳಾಗಿದ್ದವು. ಕನ್ಯೆ ನೋಡಲು ಬಂದವರು ಶಿರಾ ತಿಂದು, ಹಾಡು ಹೇಳಿಸಿ, "ಊರಿಗೆ ಹೋಗಿ ತಿಳಿಸ್ತೀವಿ" ಎಂದು ಟಾಂಗಾ ಹತ್ತಿದರೆ ಮತ್ತೆ ಸುದ್ದಿಯೇ ಇಲ್ಲ. ಪ್ರತಿ ಸಲವೂ ಅಪ್ಪ ಇನ್ನಷ್ಟು ಮಾತು ಕಡಿಮೆ ಮಾಡುತ್ತಿದ್ದರು, ಅವ್ವ ಅಕ್ಕನಿಗೆ ಕೆನೆ ಅರಿಸಿನ ತಿಕ್ಕುವುದು ಹೆಚ್ಚಾಗುತ್ತಿತ್ತು. ಅಕ್ಕ ತಿಕ್ಕಿಸಿಕೊಂಡು ಸುಮ್ಮನೆ ಕೂಡುತ್ತಿದ್ದಳು.

ಕಾಕಾನಿಗೆ ಇದೆಲ್ಲ ನೋಡಿ ಸಿಟ್ಟು. ಸಿಟ್ಟು ಬಂದಾಗ ಅವನು ಜಗಳಾಡುವವನಲ್ಲ, ಪ್ರಯೋಗ ಮಾಡುವವನು. ಚೆಲುವೆಂಬುದು ದೇವರು ಕೊಟ್ಟ ವರವೇನೂ ಅಲ್ಲ, ಬರೀ ಲೆಕ್ಕ ಎಂದು ಎಲ್ಲೋ ಓದಿಕೊಂಡಿದ್ದ. "ಒಬ್ಬೊಬ್ಬರ ಐಬು ಒಬ್ಬೊಬ್ಬರದು. ಐದು ಮಾರಿ ಒಂದರ ಮ್ಯಾಲೆ ಒಂದು ಕೂಡಿಸಿದ್ರ ಐಬು ಅಳಿಸಿ ಹೋಗ್ತದ, ಎಲ್ಲಾರಿಗೂ ಇರೂದಷ್ಟೇ ಉಳೀತದ. ಮಂದಿ ಚೆಂದ ಅನ್ನೂದು ಅದಕ್ಕ, ಸರಾಸರಿಗೆ" ಎಂದು ನಮಗೆ ಪಾಠ ಮಾಡಿದ. ಅಜ್ಜಿ, ಅವ್ವ, ಅಕ್ಕ, ನಾನು, ಹೀಗೆ ಒಬ್ಬೊಬ್ಬರನ್ನೇ ಹಿತ್ತಲಿನ ಸ್ಟೂಲಿನ ಮೇಲೆ ಕೂರಿಸಿ, ಎಲ್ಲರಿಗೂ ಹಣೆಯವರೆಗೆ ಸೆರಗು ಹೊದಿಸಿ, ಕ್ಯಾಮೆರಾದ ಗಾಜಿನ ಮೇಲೆ ಪೆನ್ಸಿಲಿನಿಂದ ಗುರುತು ಮಾಡಿದ್ದ ಜಾಗಕ್ಕೇ ನಮ್ಮ ಕಣ್ಣು ಬರುವಂತೆ ಹೊಂದಿಸಿ, ಫೋಟೋ ಮೂಡುವ ಒಂದೇ ಗಾಜಿನ ಪ್ಲೇಟಿನ ಮೇಲೆ ಸ್ವಲ್ಪ ಸ್ವಲ್ಪ ಬೆಳಕು ಬಿಟ್ಟ. ನನ್ನ ಮುಖ ಚಿಕ್ಕದೆಂದು ಸ್ಟೂಲನ್ನು ಮುಂದಕ್ಕೆ ಎಳೆದದ್ದು ನೆನಪಿದೆ.

ಐದನೆಯವಳು ಗೋದಾ ಅತ್ತೆ, ಅಪ್ಪನಿಗೂ ಕಾಕಾನಿಗೂ ತಂಗಿ. ಮದುವೆಯೆಂದರೇನೆಂದು ತಿಳಿಯುವ ಮೊದಲೇ ಗಂಡನನ್ನು ಕಳೆದುಕೊಂಡು, ತಲೆ ಬೋಳಿಸಿಕೊಂಡು, ಕೆಂಪು ಸೀರೆಯುಟ್ಟು ನಮ್ಮ ಮನೆಗೆ ಬಂದವಳು. ಹೊರಗಿನವರು ಬಂದರೆ ಒಳಕೋಣೆಗೆ ಸರಿಯಬೇಕು, ಶುಭಕಾರ್ಯಕ್ಕೆ ಎದುರು ಬರಬಾರದು. ಕಾಕಾ ಕರೆದಾಗ ಅವಳು ಒದ್ದೆ ಕೈ ಸೆರಗಿಗೆ ಒರೆಸಿಕೊಳ್ಳುತ್ತ, "ನಂದೂ ಬೇಕೇನೋ ಅದಕ್ಕ?" ಎಂದಳು. "ನೀ ಇಲ್ಲಂದ್ರ ಲೆಕ್ಕ ತಪ್ಪತದ" ಎಂದ ಕಾಕಾ. ಅವಳು ಸ್ಟೂಲಿನ ಮೇಲೆ ಉಸಿರು ಬಿಗಿಹಿಡಿದು ಕೂತದ್ದು, ಮುಗಿಯಿತು ಎಂದ ಮೇಲೂ ಏಳದೆ ಕೂತದ್ದು ಈಗಲೂ ಕಾಣುತ್ತದೆ.

ಬಚ್ಚಲಿನಿಂದ ಹೊರಬಂದ ಫೋಟೋ ನೋಡಿ ನಾವು ಬೆಪ್ಪಾದೆವು. ಕಲೆಯಿಲ್ಲ, ಸುಕ್ಕಿಲ್ಲ, ಅವ್ವನ ಉಬ್ಬುಹಲ್ಲಿಲ್ಲ. ನಮ್ಮ ಮನೆಯಲ್ಲಿಲ್ಲದ ಒಬ್ಬ ಚೆಲುವೆ ನಮ್ಮೆಲ್ಲರ ಹಾಗೆ ನೋಡುತ್ತಿದ್ದಳು. ಕಾಕಾ ಗೆದ್ದವನಂತೆ ಅದನ್ನು ಗೂಡಿನಲ್ಲಿಟ್ಟು ಮರುದಿನ ಸಾಲೆಗೆ ಹೋದ. ಅಂದೇ ಗೋಪನಕೊಪ್ಪದಿಂದ ನಮ್ಮ ದೂರದ ನೆಂಟ ಭೀಮಣ್ಣ ಬಂದ. ಹುಬ್ಬಳ್ಳಿಯ ಒಂದು ಮನೆಯವರು ಮೊದಲು ಹುಡುಗಿಯ ಫೋಟೋ ಕೇಳುತ್ತಿದ್ದಾರೆ ಎಂದ. ಮನೆಯಲ್ಲಿದ್ದವಳು ಅಜ್ಜಿ ಒಬ್ಬಳೇ. ಪೊರೆ ಬಂದ ಕಣ್ಣಿನ ಹತ್ತಿರ ಹಿಡಿದು ನೋಡಿ, "ನಮ್ಮ ಯಮುನಾನೇ ಇದು" ಎಂದು ತೆಗೆದುಕೊಟ್ಟಳು. ಅವಳಿಗೆ ಅಕ್ಕ ಹಾಗೆಯೇ ಕಾಣುತ್ತಿದ್ದಳೋ ಏನೋ.

ಹುಡುಗಿ ಅವರ ಮನಸ್ಸಿಗೆ ಬಂದಿದ್ದಾಳೆ, ನೋಡಲು ಬರುತ್ತಾರೆ ಎಂದು ಭೀಮಣ್ಣ ಸುದ್ದಿ ತಂದಾಗಲೇ ಎಲ್ಲ ಬಯಲಾದದ್ದು. ಕಾಕಾ ಹೋಗಿ ನಿಜ ಹೇಳಿ ಬರುತ್ತೇನೆಂದ. "ಹೇಳಿ ಬಂದ್ರ ಮುಂದ ಯಾರರೆ ಬರ್ತಾರೇನು ಈ ಮನಿಗೆ? ಬಂದಾಗ ನೋಡೋಣು" ಎಂದರು ಅಪ್ಪ. ಅವರು ಬರುವ ದಿನ ಬೆಳಿಗ್ಗೆ ಪಡಸಾಲೆಗೆ ಜಮಖಾನೆ ಹಾಸಿದರು, ಗೋದಾ ಅತ್ತೆ ಶಿರಾ ಮಾಡಿಟ್ಟು ಒಳಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ಅವ್ವ ಪೌಡರ್ ಹಿಡಿದು ಬಂದರೆ ಅಕ್ಕ ಮುಖ ತಿರುಗಿಸಿ, "ಬ್ಯಾಡವ್ವಾ. ಆದಾಗ ಆಗ್ಲಿ" ಎಂದಳು.

ಅಕ್ಕ ಬಂದು ಚಾಪೆಯ ಮೇಲೆ ಕೂತಳು. ವರನ ತಾಯಿ ಕೈಯಲ್ಲಿದ್ದ ಫೋಟೋ ನೋಡಿದರು, ಅಕ್ಕನನ್ನು ನೋಡಿದರು, ಮತ್ತೆ ಫೋಟೋ ನೋಡಿದರು. "ಇದು ಈ ಹುಡುಗಿ ಅಲ್ಲ" ಎಂದರು ಅವರು. ವರನ ತಂದೆ ಒರಗಿದ್ದ ಲೋಡು ಬಿಟ್ಟು ನೆಟ್ಟಗೆ ಕೂತರು. ಕಾಕಾ ತೊದಲುತ್ತ, ಮನೆಯ ಐದು ಮಂದಿಯ ಮುಖ ಕೂಡಿಸಿದ ತನ್ನ ಪ್ರಯೋಗವನ್ನೂ ಅಜ್ಜಿಯ ತಪ್ಪನ್ನೂ ವಿವರಿಸಿ ಕೈಮುಗಿದ. ನಾವು ಬೈಗುಳಕ್ಕೆ ಕಾದೆವು. ಆ ತಾಯಿ ಅಕ್ಕನ ಗದ್ದ ಹಿಡಿದೆತ್ತಿ ಬಹಳ ಹೊತ್ತು ನೋಡಿ, "ಇರ್ಲಿ ಬಿಡ್ರಿ. ಮಾರಿ ಮ್ಯಾಲಿನ ಕಲಿ ಏನ್ ಸಂಸಾರಾ ಮಾಡ್ತಾವೇನು? ಹುಡುಗಿ ಛಲೋ ಅದಾಳ" ಎಂದರು. ವರ ತಲೆ ತಗ್ಗಿಸಿ ನಕ್ಕ. ಅವ್ವ ಕಣ್ಣೊರೆಸಿಕೊಂಡಳು. ಅಕ್ಕನ ಕಿವಿ ಕೆಂಪಾದದ್ದನ್ನು ನಾನು ಕಂಡೆ. ಅವಳಿಗೂ ಆ ಹುಡುಗ ಮನಸ್ಸಿಗೆ ಬಂದಿದ್ದ.

ಆ ತಾಯಿಗೆ ಕುತೂಹಲ. ಅಜ್ಜಿಯನ್ನು, ಅವ್ವನನ್ನು, ನನ್ನನ್ನು ಕರೆದು ಕೂರಿಸಿಕೊಂಡು ಫೋಟೋದಲ್ಲಿ ನಮ್ಮ ಮೂಗು, ಹುಬ್ಬು ಹುಡುಕಿ ನಗತೊಡಗಿದರು. ಆಮೇಲೆ ಬೆರಳು ಒಂದು ಕಡೆ ನಿಂತಿತು. "ಎಲ್ಲಾರ ಹಣಿ ಮ್ಯಾಲೂ ಇಷ್ಟಿಷ್ಟು ದೊಡ್ಡ ಕುಂಕುಮ ಅದ. ಇದರಾಗ ಯಾಕ ಮಸಕಾಗ್ಯದ? ಐದು ಮಂದಿ ಅಂದ್ರಿ, ಐದನೇದವರು ಯಾರು?" ಒಳಕೋಣೆಯ ಬಾಗಿಲ ಸಂದಿಯಲ್ಲಿ ಕೆಂಪು ಸೀರೆಯ ಅಂಚು ಅಲುಗಿದ್ದು ನನಗೆ ಕಂಡಿತು, ಅಕ್ಕನಿಗೂ ಕಂಡಿತು. ಕಾಕಾ ಬಾಯಿ ತೆರೆದ, ಅಪ್ಪ ಅವನ ಮೊಣಕೈ ಹಿಡಿದರು. "ಐದನೇದವರು ಯಾರೂ ಇಲ್ರಿ, ಅಂವಾ ಗಾಬರ್ಯಾಗ ಅಂದಾನ. ಅದು ಫೋಟೋದ ದೋಷರಿ" ಎಂದರು. ಅಷ್ಟಕ್ಕೇ ಮುಗಿಯುತ್ತಿತ್ತು. ಆ ತಾಯಿ ಹೌದೆಂಬಂತೆ ತಲೆಯಾಡಿಸಿದ್ದರು ಕೂಡ. ಆಗ ಅಕ್ಕ, ಕೇಳಿದ್ದಕ್ಕಷ್ಟೇ ಉತ್ತರ ಕೊಡಬೇಕಾದ ಹುಡುಗಿ, ತಲೆಯೆತ್ತಿದಳು.

"ದೋಷ ಅಲ್ರಿ. ಅಕಿ ನಮ್ಮತ್ತಿ."

ವರನ ತಂದೆಗೆ ತಿಳಿಯಲು ತಡವಾಗಲಿಲ್ಲ. "ಬೋಳಿ ಮಾರಿ ಬೆರೆಸಿದ ಫೋಟೋ ಲಗ್ನಕ್ಕ ಕಳಸ್ತೀರಿ?" ಎಂದು ಎದ್ದರು. ಫೋಟೋ ಜಮಖಾನೆಯ ಮೇಲೆ ಬಿತ್ತು. ವರ ಹೊಸ್ತಿಲಲ್ಲಿ ಒಮ್ಮೆ ತಿರುಗಿ ನೋಡಿದ, ಅಷ್ಟೇ. ಟಾಂಗಾದ ಸದ್ದು ಅಡಗಿದ ಮೇಲೆ ಗೋದಾ ಅತ್ತೆ ಹೊರಗೆ ಬಂದು, "ಹುಚ್ಚವ್ವಾ, ಸುಮ್ಮಿರಬಾರದಿತ್ತೇನ" ಎಂದು ಅಕ್ಕನ ತಲೆಯನ್ನು ಎದೆಗೊತ್ತಿಕೊಂಡಳು.

ಅಕ್ಕ ಆಮೇಲೆ ಹುಬ್ಬಳ್ಳಿಯ ಹೆಣ್ಣುಮಕ್ಕಳ ಸಾಲೆಯಲ್ಲಿ ಮಾಸ್ತರಿಣಿಯಾದಳು. ಅವಳೊಬ್ಬಳದೇ ಫೋಟೋ ತೆಗೆಯುತ್ತೇನೆಂದು ಕಾಕಾ ಬೆನ್ನುಹತ್ತಿದ್ದ. "ಅದರಾಗ ಇದ್ದೇನಲ್ಲೋ ಕಾಕಾ, ಮತ್ತ್ಯಾಕ?" ಎಂದು ನಗುತ್ತಿದ್ದಳು. ಅಷ್ಟರಲ್ಲಿ ಎರಡನೆಯ ಮಹಾಯುದ್ಧ ಶುರುವಾಗಿ ವಿಲಾಯತಿಯಿಂದ ಪ್ಲೇಟುಗಳು ಬರುವುದು ನಿಂತಿತು. ಅವು ಮತ್ತೆ ಬರುವ ಮೊದಲೇ ವಿಷಮಜ್ವರ ಬಂದು ಅಕ್ಕ ಹೋದಳು. ನಂತರ ಅಜ್ಜ, ಅಜ್ಜಿ, ಅಪ್ಪ, ಅವ್ವ, ಕಾಕಾ, ಗೋದಾ ಅತ್ತೆ. ಮನೆಯೂ ಹೋಯಿತು. ಉಳಿದದ್ದು ನಾನು ಮತ್ತು ಆ ಫೋಟೋ.

ಸೀಸೆಯ ಚೂರು ಬಳಿದ ಮೇಲೆ ಆ ಫೋಟೋ ತೆಗೆದು ನೋಡಿದೆ. ಹಳದಿಯಾಗಿದೆ, ಆದರೂ ಚೆಲುವೆ ಚೆಲುವೆಯೇ, ಕಾಕಾನ ಲೆಕ್ಕ ತಪ್ಪಿಲ್ಲ. ಗೋದಾ ಅತ್ತೆ ಸುಲಭವಾಗಿ ಸಿಗುತ್ತಾಳೆ, ಆ ಮಸುಕಾದ ಕುಂಕುಮದ ಮೇಲೆ ಬೆರಳಿಟ್ಟರೆ ಸಾಕು. ಅಕ್ಕ ಸಿಗುವುದಿಲ್ಲ. ಬಿಸಿಲಿಗೆ ಹಿಡಿದು, ಕನ್ನಡಕ ಒರೆಸಿ, ಆ ನುಣ್ಣನೆಯ ಕೆನ್ನೆಯ ಮೇಲೆ ಮೂಗಿನ ಪಕ್ಕದ ಕುಳಿಗಾಗಿ ಕಿರುಬೆರಳು ಆಡಿಸುತ್ತೇನೆ. ಕಾಗದದ ಮೇಲೆ ಬೆರಳು ಜಾರುತ್ತದೆ.